ತಡೆದ ಕೈ: ಲೋಕ ಮುಗಿದ ಮೇಲಿನ ಪ್ರೇಮಕಥೆ

ಈ ದತ್ತಿಯ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಜೊಂಬಿ ಚಿತ್ರದೊಳಗಿನ ಪ್ರೇಮಕಥೆ. ಆಮಂತ್ರಣದಲ್ಲಿ ಇದನ್ನು ಓದಿ, ದತ್ತಿ ಉಪನ್ಯಾಸಕ್ಕೆ ಇದೆಂಥ ವಿಷಯ ಎಂದು ಕೆಲವರಿಗಾದರೂ ಅನಿಸಿರಬೇಕು. ಮನೆಯೊಳಗೆ ಕನ್ನಡ, ಬೀದಿಗೆ ಬಂದರೆ ತಮಿಳು ಎಂದು ಬದುಕುವ ನಂಗವಳ್ಳಿಯಂಥ ಊರಿನಲ್ಲಿ ಸಿನಿಮಾ ನೋಡುವುದು ತಮಿಳಿನಲ್ಲಿ, ಅದರ ಬಗ್ಗೆ ರಾತ್ರಿ ಊಟದ ಹೊತ್ತಿಗೆ ಮಾತಾಡುವುದು ಕನ್ನಡದಲ್ಲಿ. ಆ ಮಾತನ್ನೇ ಸ್ವಲ್ಪ ಗಟ್ಟಿಯಾಗಿ, ಎಲ್ಲರೂ ಸೇರಿದ ಕಡೆ ಆಡಬೇಕೆಂದು ನನ್ನ ಆಸೆ. ಹುಡುಗರು ನೋಡುತ್ತಿರುವ ಚಿತ್ರಗಳನ್ನು ಹಿರಿಯರು ಕೈಬೀಸಿ ತಳ್ಳಿಹಾಕಿದರೆ, ಆ ಚಿತ್ರಗಳು ಹುಡುಗರಲ್ಲಿ ಎಬ್ಬಿಸಿದ ಪ್ರಶ್ನೆಗಳಿಗೆ ಮನೆಯಲ್ಲಿ ಉತ್ತರ ಹೇಳುವವರಿರುವುದಿಲ್ಲ.

2016ರ ಫೆಬ್ರವರಿ 19ರಂದು ತೆರೆಕಂಡ 'ಮಿರುದನ್' ಚಿತ್ರವನ್ನು ಇಲ್ಲಿ ಬಹಳ ಜನ ನೋಡಿದ್ದೀರಿ. ನಿರ್ದೇಶಕ ಶಕ್ತಿ ಸೌಂದರ್ ರಾಜನ್. ನಾಯಕ ಜಯಂ ರವಿ, ನಾಯಕಿ ಲಕ್ಷ್ಮಿ ಮೆನನ್. ತಮಿಳಿನ ಮೊದಲ ಜೊಂಬಿ ಚಿತ್ರವೆಂದು ಅದನ್ನು ಪ್ರಚಾರ ಮಾಡಿದರು. ಕಥೆ ನಡೆಯುವುದು ಊಟಿಯಲ್ಲಿ. ಚೆಲ್ಲಿದ ರಾಸಾಯನಿಕ ತ್ಯಾಜ್ಯವನ್ನು ಒಂದು ನಾಯಿ ನೆಕ್ಕುತ್ತದೆ, ಆ ನಾಯಿ ಮನುಷ್ಯನನ್ನು ಕಚ್ಚುತ್ತದೆ, ಕಚ್ಚಿಸಿಕೊಂಡವನು ಇನ್ನೊಬ್ಬನನ್ನು ಕಚ್ಚುತ್ತಾನೆ. ಕಾರ್ತಿಕ್ ಎಂಬ ಟ್ರಾಫಿಕ್ ಪೊಲೀಸಿನವನಿಗೆ ಮನೆಯಲ್ಲಿ ಪುಟ್ಟ ತಂಗಿಯೊಬ್ಬಳು, ಮನಸ್ಸಿನಲ್ಲಿ ರೇಣುಕಾ ಎಂಬ ಡಾಕ್ಟರು. ಅವಳಿಗೆ ಬೇರೆಯವನ ಜೊತೆ ಮದುವೆ ಗೊತ್ತಾಗಿದೆ. ಇವನು ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳಿಲ್ಲ. ರೋಗಕ್ಕೆ ಮದ್ದು ಕಂಡುಹಿಡಿಯಬೇಕಾದರೆ ಡಾಕ್ಟರುಗಳು ಕೊಯಮತ್ತೂರು ತಲುಪಬೇಕು, ಅವರನ್ನು ತಲುಪಿಸುವ ಹೊಣೆ ಇವನ ಮೇಲೆ ಬೀಳುತ್ತದೆ. ಕೊನೆಗೆ ಸೋಂಕು ಇವನಿಗೂ ತಗಲುತ್ತದೆ. ಇವನ ಪ್ರೀತಿ ರೇಣುಕಾಳಿಗೆ ಪೂರ್ತಿ ಅರ್ಥವಾಗುವ ಹೊತ್ತಿಗೆ ಇವನು ಇವನಾಗಿ ಉಳಿದಿಲ್ಲ. ನೋಡದವರೂ ಈ ಸಭೆಯಲ್ಲಿರುವುದರಿಂದ ಕೊನೆಯ ದೃಶ್ಯವನ್ನು ನಾನು ಇಲ್ಲಿ ಬಿಚ್ಚುವುದಿಲ್ಲ.

ಆ ಚಿತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದಿದೆ. ಅಲ್ಲಿನ ಜೊಂಬಿಗಳಿಗೆ ನೀರೆಂದರೆ ಭಯ. ಹೊರದೇಶದ ಜೊಂಬಿಗೆ ಸಾಮಾನ್ಯವಾಗಿ ಈ ಗುಣವಿಲ್ಲ. ಹುಚ್ಚುನಾಯಿ ಕಚ್ಚಿದವರನ್ನು ಕಂಡ ಹಳ್ಳಿಯವರಿಗೆ ಮಾತ್ರ ಇದು ತಟ್ಟನೆ ಗುರುತು ಸಿಗುತ್ತದೆ. ರೇಬೀಸ್ ತಲೆಗೇರಿದವನು ಬಾಯಾರಿ ನೀರಿಗೆ ಕೈಚಾಚುತ್ತಾನೆ, ಲೋಟ ತುಟಿಯ ಹತ್ತಿರ ಬಂದ ಕೂಡಲೆ ಗಂಟಲ ಸ್ನಾಯುಗಳು ಹಿಡಿದುಕೊಂಡು ಮೈಯೆಲ್ಲ ಅದುರಿ ಲೋಟವನ್ನು ತಳ್ಳುತ್ತಾನೆ. ಒಮ್ಮೆ ಆ ಲಕ್ಷಣ ಕಂಡಿತೆಂದರೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಲಸಿಕೆ ಊರೂರಿಗೆ ಬರುವ ಮುಂಚೆ ಅಂಥವರನ್ನು ಕೋಣೆಯಲ್ಲಿ ಕೂಡಿಹಾಕಿ, ಬಾಗಿಲ ಹೊರಗೆ ಹೆಂಡತಿಯೋ ತಾಯಿಯೋ ಕೂತಿರುತ್ತಿದ್ದರು. ಒಳಗಿರುವವನು ನಿನ್ನೆಯವರೆಗೆ ತನ್ನವನು, ಈಗ ಅವನ ಉಗುಳೇ ವಿಷ. ಜೊಂಬಿ ಚಿತ್ರದ ಪ್ರೇಮಕಥೆಯೆಲ್ಲ ಆ ಬಾಗಿಲ ಹೊರಗೆ ಕೂತವಳ ಕಥೆ. ಶಕ್ತಿ ಸೌಂದರ್ ರಾಜನ್ ಅದನ್ನು ಹುಡುಕಿ ತಂದಿರಲಿ, ತಾನಾಗಿ ಬಂದಿರಲಿ, ಆ ಒಂದು ಗುಣದಿಂದ ಪರದೇಶದ ಭೂತ ನಮ್ಮ ನೆಲದ್ದಾಯಿತು.

ಈ ಬಗೆಯ ಚಿತ್ರಗಳಿಗೆಲ್ಲ ಒಂದು ಕಟ್ಟುಪಾಡಿದೆ. ಕಚ್ಚಿಸಿಕೊಂಡವರನ್ನು ಕೂಡಲೆ ಕೊಲ್ಲಬೇಕು, ತಡಮಾಡಿದವರು ಸಾಯುತ್ತಾರೆ. ಹೊಡೆಯುವ ಮುನ್ನ ಪಾತ್ರಗಳು ಒಂದು ಮಾತು ಹೇಳಿಕೊಳ್ಳುತ್ತವೆ, ಇದು ಈಗ ಅವನಲ್ಲ ಅಂತ. ಆ ಮಾತು ಹೇಳಿಕೊಂಡರೆ ಕೈ ಏಳುತ್ತದೆ. ಪ್ರೀತಿ ಅಡ್ಡ ಬರುವುದು ಇಲ್ಲಿ, ಎತ್ತಿದ ಕೈ ಒಂದು ಕ್ಷಣ ತಡೆಯುವುದರಲ್ಲಿ. ಹಾಡು, ಹೂವು, ಮಳೆಯಲ್ಲಿ ನೆನೆಯುವುದು ಇವೆಲ್ಲ ಲೋಕ ಸರಿಯಿದ್ದಾಗಿನ ಪ್ರೀತಿಯ ಗುರುತುಗಳು. ಲೋಕ ಮುಗಿದ ಮೇಲೆ ಉಳಿಯುವುದು ಆ ತಡೆಯೊಂದೇ ಎಂಬುದು ನನ್ನ ಇವತ್ತಿನ ವಾದ. ಮಗ್ಗ ಓಡಿಸುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆ ಕಡಿದಾಗ ಮಗ್ಗವನ್ನು ನಿಲ್ಲಿಸಿ, ಬಗ್ಗಿ, ಎರಡು ತುದಿ ಹುಡುಕಿ ಗಂಟು ಹಾಕುತ್ತೀರಿ. ಆ ಹೊತ್ತು ನೇಯ್ಗೆಯ ಲೆಕ್ಕದಲ್ಲಿ ನಷ್ಟ, ಆದರೆ ಅದನ್ನು ಬಿಟ್ಟು ಓಡಿಸಿದರೆ ಸೀರೆ ಸೀರೆಯಾಗುವುದಿಲ್ಲ.

ಡ್ಯಾನಿ ಬಾಯ್ಲ್ 2002ರಲ್ಲಿ ಮಾಡಿದ '28 ಡೇಸ್ ಲೇಟರ್' ಈ ಕಟ್ಟುಪಾಡನ್ನು ನೇರವಾಗಿಯೇ ಎತ್ತಿಕೊಳ್ಳುತ್ತದೆ. ಸೆಲಿನಾ ಎಂಬ ಹೆಂಗಸು ಜೊತೆಗಾರನಿಗೆ ಸೋಂಕು ತಗಲಿತೆಂದು ತಿಳಿದ ಕೂಡಲೆ ಮಚ್ಚಿನಿಂದ ಕಡಿದುಹಾಕುತ್ತಾಳೆ. ಹೊಸದಾಗಿ ಜೊತೆ ಸೇರಿದ ಜಿಮ್‌ಗೂ ಹೇಳುತ್ತಾಳೆ, ನಿನಗೆ ಹಾಗಾದರೂ ಒಂದು ಎದೆಬಡಿತದಷ್ಟು ಹೊತ್ತೂ ಕಾಯುವುದಿಲ್ಲ ಅಂತ. ಚಿತ್ರದ ಕೊನೆಯ ಭಾಗದಲ್ಲಿ ಜಿಮ್ ಮೈಯೆಲ್ಲ ರಕ್ತವಾಗಿ, ಮೃಗದ ಹಾಗೆ ಅವಳೆದುರು ನಿಲ್ಲುತ್ತಾನೆ. ಅವಳು ಮಚ್ಚು ಎತ್ತುತ್ತಾಳೆ. ಎತ್ತಿದ ಮಚ್ಚು ಇಳಿಯುವುದಿಲ್ಲ. ಇಡೀ ಚಿತ್ರದ ಪ್ರೇಮಕಥೆ ಅಷ್ಟೇ, ಎರಡು ಮೂರು ಉಸಿರಿನದ್ದು. ಅವರಿಬ್ಬರು ಒಬ್ಬರಿಗೊಬ್ಬರು ಹೇಳಿದ ಬೇರೆ ಯಾವ ಮಾತೂ ಅದರಷ್ಟು ಹೇಳುವುದಿಲ್ಲ. 'ಮಿರುದನ್' ಕಡಿಮೆ ಬೀಳುವುದು ಈ ಜಾಗದಲ್ಲಿ ಎಂದು ನನ್ನ ಅಭಿಪ್ರಾಯ. ಕಾರ್ತಿಕನ ಮನಸ್ಸು ನಮಗೆ ಮೊದಲಿಂದ ಗೊತ್ತು, ರೇಣುಕಾಳ ಮನಸ್ಸಿಗೆ ಆ ಚಿತ್ರ ಸಾಕಷ್ಟು ಹೊತ್ತು ಕೊಟ್ಟಿಲ್ಲ. ತಂಗಿಯ ಕೈಹಿಡಿದು ಓಡುವ ಅಣ್ಣನ ಪ್ರೀತಿ ಅದರಲ್ಲಿ ಹೆಚ್ಚು ನಿಜವಾಗಿ ಬಂದಿದೆ.

ತಡೆದ ಕೈ ಎಲ್ಲ ಸಲವೂ ಉಳಿಸುತ್ತದೆಂದು ನಾನು ಹೇಳುತ್ತಿಲ್ಲ. ಕೊರಿಯಾದ 'ಟ್ರೈನ್ ಟು ಬೂಸಾನ್' 2016ರದ್ದೇ. ಅದರಲ್ಲಿ ಶಾಲಾ ಬೇಸ್‌ಬಾಲ್ ತಂಡದ ಹುಡುಗನೊಬ್ಬ, ಅವನನ್ನು ಮೆಚ್ಚಿದ ಹುಡುಗಿಯೊಬ್ಬಳು. ಅವಳನ್ನು ಸೋಂಕು ತಗಲಿದವನು ಕಚ್ಚುತ್ತಾನೆ. ಹುಡುಗ ಓಡಿಹೋಗಬಹುದು. ಹೋಗದೆ ಅವಳನ್ನು ಅಪ್ಪಿಕೊಂಡು ಅಳುತ್ತ ಕೂರುತ್ತಾನೆ. ಅವಳು ಬದಲಾಗಿ ಅವನನ್ನೇ ಕಚ್ಚುತ್ತಾಳೆ. ಈ ಪ್ರಕಾರಕ್ಕೆ ಅಡಿಪಾಯ ಹಾಕಿದ ಜಾರ್ಜ್ ರೊಮೆರೊನ 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರದಲ್ಲಿಯೂ ಟಾಮ್, ಜೂಡಿ ಎಂಬ ಜೋಡಿಯಿದೆ. ಟಾಮ್ ಇನ್ನೊಬ್ಬನ ಜೊತೆ ಲಾರಿಗೆ ಪೆಟ್ರೋಲು ತುಂಬಿಸಲು ಹೊರಟಾಗ ಜೂಡಿ ಮನೆಯೊಳಗೆ ನಿಲ್ಲಲಾರದೆ ಹಿಂದೆ ಓಡುತ್ತಾಳೆ. ಲಾರಿಗೆ ಬೆಂಕಿ ಹಿಡಿದಾಗ ಅವಳ ಬಟ್ಟೆ ಸಿಕ್ಕಿಕೊಂಡು ಇಳಿಯಲಾಗುವುದಿಲ್ಲ, ಇಳಿದಿದ್ದ ಅವನು ಬಿಡಿಸಲು ಮತ್ತೆ ಹತ್ತುತ್ತಾನೆ, ಇಬ್ಬರೂ ಸುಟ್ಟುಹೋಗುತ್ತಾರೆ. ಬುದ್ಧಿವಂತಿಕೆಯ ಲೆಕ್ಕದಲ್ಲಿ ಇವರೆಲ್ಲ ದಡ್ಡರು. ನೋಡುವವರು ಆ ಚಿತ್ರಗಳಿಂದ ನೆನಪಿಟ್ಟುಕೊಳ್ಳುವುದು ಮಾತ್ರ ಇವರನ್ನೇ.

ಇಷ್ಟೆಲ್ಲ ಹೊರಗಿನ ಮಾತಾಯಿತು. ಈ ಪ್ರಶ್ನೆಯನ್ನು ಕನ್ನಡ ಸಿನಿಮಾ ಎತ್ತಿಕೊಂಡು ಅರ್ಧ ಶತಮಾನ ದಾಟಿದೆ, ಅದರ ಹೆಸರು 'ಸಂಸ್ಕಾರ'. ಯು.ಆರ್. ಅನಂತಮೂರ್ತಿಯವರ ಕಾದಂಬರಿ ಬಂದದ್ದು 1965ರಲ್ಲಿ, ಚಿತ್ರ 1970ರದ್ದು. ಅದನ್ನು ಭಯಾನಕ ಚಿತ್ರ ಎಂದು ಯಾರೂ ಕರೆಯಲಿಲ್ಲ, ಜಾತಿಯ ಚಿತ್ರ, ಶಾಸ್ತ್ರದ ಚಿತ್ರ ಎಂದರು. ಅದೂ ನಿಜವೇ. ಆದರೆ ಹೆಸರು ಮರೆತು ಬರೀ ಘಟನೆಗಳನ್ನು ನೋಡಿ. ಒಂದು ಸಣ್ಣ ಊರು, ದೂರ್ವಾಸಪುರದ ಅಗ್ರಹಾರ. ನಾರಣಪ್ಪ ಎಂಬವನು ಶಿವಮೊಗ್ಗಕ್ಕೆ ಹೋಗಿ ಜ್ವರ, ಗಡ್ಡೆ ಹೊತ್ತು ಬಂದು ಸಾಯುತ್ತಾನೆ. ಹೆಣ ಮನೆಯಲ್ಲಿದೆ. ಇಲಿಗಳು ಬಿದ್ದು ಸಾಯುತ್ತಿವೆ, ಸೂರಿನ ಮೇಲೆ ಹದ್ದುಗಳು ಬಂದು ಕೂತಿವೆ. ಹೆಣ ಸುಡುವವರೆಗೆ ಯಾರೂ ಉಣ್ಣುವಂತಿಲ್ಲ. ನಾತ ಬೀದಿಗೆ ಹಬ್ಬುತ್ತಿದೆ. ಒಬ್ಬೊಬ್ಬರಾಗಿ ಮನುಷ್ಯರೂ ಸಾಯತೊಡಗುತ್ತಾರೆ, ಉಳಿದವರು ಊರು ಬಿಡುತ್ತಾರೆ. ಆ ಅಗ್ರಹಾರದ ಮಟ್ಟಿಗೆ ಲೋಕ ಮುಗಿದಿತ್ತು.

ಇಲ್ಲಿ ತಡೆಯುವವರು ಯಾರು? ಇಡೀ ಅಗ್ರಹಾರವೇ ತಡೆಯುತ್ತದೆ. ಸತ್ತವನು ಮಾಂಸ ತಿಂದವನು, ಹೆಂಡ ಕುಡಿದವನು, ಅವನ ಸಂಸ್ಕಾರ ಮಾಡುವವರು ಯಾರು ಎಂದು. ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಹುಡುಕುತ್ತಾರೆ, ಮಾರುತಿಯ ಗುಡಿಯಲ್ಲಿ ಹೂವಿನ ಪ್ರಸಾದಕ್ಕೆ ಕಾಯುತ್ತಾರೆ, ಪ್ರಸಾದವಾಗುವುದಿಲ್ಲ. ಜೊಂಬಿ ಚಿತ್ರಗಳಲ್ಲಿ ತಡೆಯುವುದು ಪ್ರೀತಿಯಾದರೆ ಇಲ್ಲಿ ತಡೆಯುವುದು ಭಯ, ಲೋಭ, ನಿಯಮ. ತಡೆಯದವಳು ಒಬ್ಬಳೇ, ನಾರಣಪ್ಪ ಇಟ್ಟುಕೊಂಡಿದ್ದ ಚಂದ್ರಿ. ಸಂಸ್ಕಾರದ ಖರ್ಚಿಗಾಗಲಿ ಎಂದು ಮೈಮೇಲಿದ್ದ ಚಿನ್ನವನ್ನು ಬಿಚ್ಚಿ ಇಡುತ್ತಾಳೆ. ಅದನ್ನು ಕಂಡವರ ಕಣ್ಣು ಚಿನ್ನದ ಮೇಲೆ ಬೀಳುತ್ತದೆ, ಹೆಣ ಅಲ್ಲೇ ಉಳಿಯುತ್ತದೆ. ಕೊನೆಗೆ ಕತ್ತಲಲ್ಲಿ ಒಬ್ಬಳೇ ಮನೆಯೊಳಗೆ ಹೋಗಿ ನೋಡುತ್ತಾಳೆ.

ಆ ನೋಟದ ಬಗ್ಗೆ ಸ್ವಲ್ಪ ಹೇಳಬೇಕು. ಕಾದಂಬರಿಯಲ್ಲಿ ಚಂದ್ರಿ ಊದಿಕೊಂಡ, ನಾರುವ ದೇಹವನ್ನು ಕಂಡು ಹೆದರಿ ಹೊರಗೆ ಓಡುತ್ತಾಳೆ. ತನ್ನನ್ನು ಪ್ರೀತಿಸಿದವನಿಗೂ ಈ ಕೊಳೆಯುವ ವಸ್ತುವಿಗೂ ಸಂಬಂಧವಿಲ್ಲವೆಂದು ಅವಳಿಗೆ ಅನಿಸುತ್ತದೆ. ಜೊಂಬಿ ಚಿತ್ರಗಳಲ್ಲಿ ಮಚ್ಚು ಎತ್ತುವ ಮುನ್ನ ಹೇಳಿಕೊಳ್ಳುವ ಮಾತೇ ಅದು, ಇದು ಅವನಲ್ಲ ಎಂಬ ಮಾತು. ಅಲ್ಲಿ ಅದು ಕೈತೊಳೆದುಕೊಳ್ಳಲು ಅನುಮತಿ. ಚಂದ್ರಿಗೆ ಅದು ಅನುಮತಿಯಾಗುವುದಿಲ್ಲ. ಅವಳು ಗಾಡಿಯವನ ಮನೆಗೆ ಹೋಗುತ್ತಾಳೆ, ಅವನು ಬ್ರಾಹ್ಮಣನ ಹೆಣ ಮುಟ್ಟಲಾರೆ ಎನ್ನುತ್ತಾನೆ. ಅಲ್ಲಿಂದ ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿಯ ಬಳಿಗೆ ಹೋಗುತ್ತಾಳೆ. ಹಿಂದೆ ಎತ್ತು ಕೊಳ್ಳಲು ನಾರಣಪ್ಪ ಅವನಿಗೆ ಸಾಲ ಕೊಟ್ಟಿದ್ದ. ಅವನು ಗಾಡಿ ಕಟ್ಟುತ್ತಾನೆ. ಇಬ್ಬರೂ ಸೇರಿ ಗುಟ್ಟಾಗಿ ಹೆಣ ಸುಟ್ಟುಬರುತ್ತಾರೆ, ಬೆಳಗಾಗುವುದರೊಳಗೆ ಅವಳು ಊರು ಬಿಡುತ್ತಾಳೆ. ಅಗ್ರಹಾರದವರು ಆಮೇಲೂ ಹೆಣ ಅಲ್ಲೇ ಇದೆಯೆಂದುಕೊಂಡು ಚರ್ಚೆ ಮಾಡುತ್ತಲೇ ಇರುತ್ತಾರೆ. ಪ್ರಾಣೇಶಾಚಾರ್ಯರ ತಳಮಳದ ಬಗ್ಗೆ ನಮ್ಮ ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ಚಂದ್ರಿಗೂ ನಾರಣಪ್ಪನಿಗೂ ನಡುವೆ ಇದ್ದದ್ದನ್ನು ಪ್ರೇಮಕಥೆ ಎಂದು ಓದಿದವರು ಕಡಿಮೆ. ಕನ್ನಡದ ದೊಡ್ಡ ಪ್ರೇಮಕಥೆಗಳ ಸಾಲಿನಲ್ಲಿ ಅದನ್ನು ಇಡಬೇಕೆಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.

ಆ ಚಿತ್ರಕ್ಕೂ ತಮಿಳುನಾಡಿಗೂ ನಂಟಿದೆ. ನಿರ್ದೇಶಿಸಿದವರು ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ. ಚಂದ್ರಿಯಾಗಿ ನಟಿಸಿದವರು ಅವರ ಪತ್ನಿ, ಮದ್ರಾಸ್ ಪ್ಲೇಯರ್ಸ್ ನಾಟಕ ತಂಡವನ್ನು ಕಟ್ಟಿದವರಲ್ಲಿ ಒಬ್ಬರಾದ ಸ್ನೇಹಲತಾ ರೆಡ್ಡಿ. ಪ್ರಾಣೇಶಾಚಾರ್ಯ ಗಿರೀಶ ಕಾರ್ನಾಡರು, ನಾರಣಪ್ಪ ಪಿ. ಲಂಕೇಶರು. ಕ್ಯಾಮೆರಾ ಹಿಡಿದದ್ದು ಆಸ್ಟ್ರೇಲಿಯಾದ ಟಾಮ್ ಕೋವನ್. ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿಯಿತು, ಬಿಡುಗಡೆಯಾದ ಮೇಲೆ ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆದ ಮೊದಲ ಕನ್ನಡ ಚಿತ್ರವಾಯಿತು. ಸ್ನೇಹಲತಾ ಅವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಆಸ್ತಮಾ ಉಲ್ಬಣಿಸಿ, ಪೆರೋಲಿನ ಮೇಲೆ ಹೊರಗೆ ಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಇಂದಿನ ವಿಷಯಕ್ಕೆ ಇದು ನೇರ ಸೇರುವುದಿಲ್ಲ, ಆದರೂ ಅವರ ಹೆಸರು ತೆಗೆದ ಮೇಲೆ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಕನ್ನಡದ ಭಯಾನಕ ಚಿತ್ರವೆಂದರೆ ಎಲ್ಲರೂ ನೆನೆಯುವುದು 1979ರ 'ನಾ ನಿನ್ನ ಬಿಡಲಾರೆ'. ಅನಂತನಾಗ್, ಲಕ್ಷ್ಮಿ ನಟಿಸಿದ್ದು. ಅಲ್ಲಿ ಬಿಡಲಾರೆ ಎನ್ನುವುದು ದೆವ್ವ, ಹಿಡಿದವನನ್ನು ಹಿಂಡುವ ಪ್ರೀತಿ. ಚಂದ್ರಿಯದು ಬೇರೆ ಜಾತಿಯದು, ಬಿಟ್ಟುಕೊಡಬೇಕಾದವನನ್ನು ಮರ್ಯಾದೆಯಿಂದ ಬಿಟ್ಟುಕೊಡುವ ಪ್ರೀತಿ.

ಇಂಥದನ್ನು ನಾವು ತೆರೆಯ ಮೇಲೆ ಮಾತ್ರ ನೋಡಿದ್ದಲ್ಲ. 2021ರ ಏಪ್ರಿಲ್, ಮೇ ತಿಂಗಳು ನಿಮಗೆಲ್ಲ ನೆನಪಿದೆ. ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದವು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗಂಡನ ಮುಖವನ್ನು ಹೆಂಡತಿ ನೋಡಲಾಗಲಿಲ್ಲ. ಸುಟ್ಟ ಮೇಲೆ ಬೂದಿ ಒಯ್ಯಲು ಬಾರದವರೂ ಇದ್ದರು, ಕೆಲವರು ಭಯದಿಂದ, ಕೆಲವರು ತಾವೇ ಹಾಸಿಗೆ ಹಿಡಿದದ್ದರಿಂದ, ಕೆಲವು ಮನೆಗಳಲ್ಲಿ ಬರಲು ಯಾರೂ ಉಳಿಯದ್ದರಿಂದ. ಆ ವರ್ಷದ ಜೂನ್ ಮೊದಲ ವಾರದಲ್ಲಿ ಕರ್ನಾಟಕ ಸರ್ಕಾರವೇ ಹಾಗೆ ಉಳಿದ ಐನೂರಕ್ಕೂ ಹೆಚ್ಚು ಜನರ ಚಿತಾಭಸ್ಮವನ್ನು ಮಳವಳ್ಳಿ ತಾಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಬಿಟ್ಟಿತು. ಬೆಳಕವಾಡಿಯಿಂದ ಹೊರಟ ನೀರು ಶಿವನಸಮುದ್ರ ಇಳಿದು, ಮೇಕೆದಾಟು ದಾಟಿ, ಹೊಗೇನಕಲ್ಲಿನಲ್ಲಿ ಧುಮುಕಿ ಮೇಟ್ಟೂರಿಗೆ ಬರುತ್ತದೆ. ನಮ್ಮ ಪಕ್ಕದ ಈ ಜಲಾಶಯಕ್ಕೆ ಬಂದು ಸೇರುವ ಹೊಳೆ ಅದೇ. ಯಾರ ಹೆಸರೂ ಹೇಳಲಾಗದ ಆ ಬೂದಿಗೆ ಕೊನೆಯ ನಮಸ್ಕಾರ ಮಾಡುವ ಸಾಲ ನಮ್ಮ ಮೇಲೂ ಒಂದಿಷ್ಟು ಇದೆ ಎಂದು ನನಗೆ ಅನಿಸುತ್ತದೆ.

ಈಗ ನಿಮ್ಮ ಊರಿನ ಮಾತು. 'ಮಿರುದನ್' ಜೊಂಬಿಗಳು ನೀರಿಗೆ ಹೆದರಿದವು, ಈ ಭಾಗದ ಜನರಿಗೆ ನೀರೇ ಪ್ರಳಯವಾಗಿ ಬಂದದ್ದುಂಟು. 1924ರಲ್ಲಿ ಮೈಸೂರು, ಮದ್ರಾಸು ಒಪ್ಪಂದ ಮಾಡಿಕೊಂಡವು, ಮರುವರ್ಷ ಮೇಟ್ಟೂರಿನಲ್ಲಿ ಕೆಲಸ ಶುರುವಾಯಿತು, 1934ರ ಆಗಸ್ಟಿನಲ್ಲಿ ಅಣೆಕಟ್ಟು ತೆರೆಯಿತು. 120 ಅಡಿ ತುಂಬಿದರೆ 93.47 ಟಿಎಂಸಿ ನೀರು. ತಂಜಾವೂರಿನ ಗದ್ದೆಗಳಿಗೆ ಅದು ಜೀವ. ಇಲ್ಲಿ ಹಳ್ಳಿಗಳೇ ಮುಳುಗಿದವು. ಮಟ್ಟ ತೀರ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಹತ್ತಿರ ಜಲಕಂಠೇಶ್ವರನ ಗುಡಿಯ ನಂದಿ ತಲೆಯೆತ್ತುತ್ತದೆ, ಚರ್ಚಿನ ಜೋಡಿಗೋಪುರವೂ ಕಾಣುತ್ತದೆ. ಸುದ್ದಿಯವರು ಅದರ ಫೋಟೋ ತೆಗೆಯುತ್ತಾರೆ. ಆ ಬೀದಿಗಳಲ್ಲಿ ಎದುರುಬದುರು ಮನೆಯಲ್ಲಿದ್ದವರು ಬೇರೆ ಬೇರೆ ದಿಕ್ಕಿಗೆ ಗಾಡಿ ಹೂಡಿದಾಗ ಮುರಿದುಬಿದ್ದ ನಿಶ್ಚಿತಾರ್ಥಗಳೆಷ್ಟು ಎಂದು ಕೇಳಿದವರಿಲ್ಲ.

ಅದಕ್ಕೂ ಹಿಂದೆ ಧಾತು ಸಂವತ್ಸರದ ಬರ, 1876ರಿಂದ 78. ಧರ್ಮಪುರಿ, ಕೃಷ್ಣಗಿರಿಗಳೆಲ್ಲ ಸೇರಿದ್ದ ಅಂದಿನ ಸೇಲಂ ಜಿಲ್ಲೆಯಲ್ಲಿ 1871ರ ಜನಗಣತಿ ಎಣಿಸಿದ್ದು ಸುಮಾರು 19 ಲಕ್ಷ 67 ಸಾವಿರ ಜನ. 1881ರಲ್ಲಿ ಸಿಕ್ಕವರು ಸುಮಾರು 16 ಲಕ್ಷ. ಐದರಲ್ಲಿ ಒಬ್ಬರ ಹತ್ತಿರ ಹತ್ತಿರ ಇಲ್ಲವಾದರು, ಸತ್ತೋ ಊರು ಬಿಟ್ಟೋ. ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಚಿಲ್ಲರೆ ಕಾಸಿಗೆ ಇಳಿಸಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಗೂ ಕಡಿಮೆ. ಅನ್ನವಿಲ್ಲದಾಗ ಸೀರೆ ಕೊಳ್ಳುವವರಿಲ್ಲವಾದ್ದರಿಂದ ನೇಕಾರರ ಮನೆಗೆ ಹಸಿವು ಬೇಗ ಬಂದಿತು. ಕಾಮಗಾರಿಯಲ್ಲಿ ಸಿಕ್ಕ ಅಷ್ಟು ಧಾನ್ಯವನ್ನು ಮಡಿಲಲ್ಲಿ ಕಟ್ಟಿಕೊಂಡ ಹೆಂಗಸು, ನಡೆಯಲಾರದೆ ದಾರಿಯಲ್ಲಿ ಕೂತ ಗಂಡನಿಗಾಗಿ ವಾಪಸು ಹೋಗುವಳೋ, ಮಕ್ಕಳನ್ನು ಎಳೆದುಕೊಂಡು ಮುಂದಕ್ಕೆ ಸಾಗುವಳೋ? ಈ ಒಂದು ಪ್ರಶ್ನೆ ಸಾಕು, ಎರಡು ಗಂಟೆಯ ಚಿತ್ರಕ್ಕೆ. ಜೊಂಬಿಯನ್ನು ಹೊರಗಿಂದ ತರಿಸುವ ಅಗತ್ಯವೇ ಇಲ್ಲ.

ಇಂಥ ಚಿತ್ರ ಸೇಲಂ ಸೀಮೆಯಲ್ಲಿ ಆಗುತ್ತದೆಯೇ ಎಂದು ಕೇಳುವವರಿಗೆ ಒಂದು ಮಾತು. ಟಿ.ಆರ್. ಸುಂದರಂ 1935ರಲ್ಲಿ ಸೇಲಂನಲ್ಲಿ ಮಾಡರ್ನ್ ಥಿಯೇಟರ್ಸ್ ಕಟ್ಟಿದರು. 1938ರಲ್ಲಿ ಮಲಯಾಳದ ಮೊದಲ ಟಾಕಿ 'ಬಾಲನ್' ತಯಾರಾದದ್ದು ಆ ಸಂಸ್ಥೆಯಿಂದ. 1952ರಲ್ಲಿ ಅಮೆರಿಕದವರ ಜೊತೆ ಸೇರಿ 'ದಿ ಜಂಗಲ್' ಎಂಬ ಚಿತ್ರ ಮಾಡಿದರು, ಎಂದೋ ಅಳಿದುಹೋದ ರೋಮದಾನೆಗಳು ಇಂದಿನ ಕಾಡಿನಲ್ಲಿ ಉಳಿದಿದ್ದರೆ ಏನಾಗುತ್ತದೆಂಬ ಕಥೆ. ನಮ್ಮ ಆನೆಗಳಿಗೇ ಕೂದಲು ಹೊದಿಸಿ ನಿಲ್ಲಿಸಿದರು. ಎಪ್ಪತ್ತು ವರ್ಷದ ಹಿಂದೆ ಅಷ್ಟು ಎದೆಗಾರಿಕೆ ಇದ್ದ ಜಾಗ ಇದು. ಈಗ ಒಂದು ಮೊಬೈಲು, ನಾಲ್ಕು ಜನ ಗೆಳೆಯರು ಇದ್ದರೆ ಕಿರುಚಿತ್ರಕ್ಕೆ ಕೈಹಾಕಬಹುದು.

ಈ ಸಭೆಯ ಹುಡುಗ ಹುಡುಗಿಯರಲ್ಲಿ ಯಾರಾದರೂ ಅದಕ್ಕೆ ಮನಸ್ಸು ಮಾಡಿದರೆ ನನ್ನ ಕೋರಿಕೆ ಇಷ್ಟು. ಪಾತ್ರಗಳು ಬೆಂಗಳೂರಿನ ಕನ್ನಡ ಆಡುವುದು ಬೇಡ, ನಿಮ್ಮ ಅಜ್ಜಿ ಆಡುವ, ತಮಿಳು ಬೆರೆತ, ಪುಸ್ತಕದಲ್ಲಿ ಎಲ್ಲೂ ಅಚ್ಚಾಗದ ಕನ್ನಡವನ್ನೇ ಆಡಲಿ. ಅದನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡರೂ ನಡೆಯುತ್ತದೆ. ಬರೆಯುವ ಮೊದಲು ಮುಳುಗಡೆಯ ಮಾತನ್ನು ತಮ್ಮ ಹಿರಿಯರ ಬಾಯಿಂದ ಕೇಳಿದವರ ಬಳಿ ಹೋಗಿ ಕೂತುಕೊಳ್ಳಿ. ಅವರಿಗೆ ಈಗ ಎಂಬತ್ತರ ಮೇಲಾಗಿದೆ. ಯಾರು ಯಾರನ್ನು ಬಿಟ್ಟುಹೋದರು, ಯಾರು ಯಾರಿಗಾಗಿ ವಾಪಸು ಹೋದರು ಎಂದು ಕೇಳಿ. ಎತ್ತಿದ ಕೈ ಎಲ್ಲಿ ತಡೆಯಿತೆಂಬುದು ಅವರ ಮಾತಿನಲ್ಲಿ ಸಿಕ್ಕರೆ ಚಿತ್ರಕಥೆಯನ್ನು ಅಲ್ಲಿಂದ ಶುರುಮಾಡಿ. ಮುಂದಿನ ವರ್ಷದ ದತ್ತಿ ಕಾರ್ಯಕ್ರಮದಲ್ಲಿ ಉಪನ್ಯಾಸದ ಬದಲು ಆ ಚಿತ್ರವನ್ನು ಇದೇ ಗೋಡೆಯ ಮೇಲೆ ತೋರಿಸಲು ಅವಕಾಶ ಕೊಡಬೇಕೆಂದು ವ್ಯವಸ್ಥಾಪಕರನ್ನು ನಿಮ್ಮೆಲ್ಲರ ಎದುರಿನಲ್ಲೇ ಕೇಳುತ್ತಿದ್ದೇನೆ.